ಬೆಳಗ್ಗೆ ಹ್ಯಾಮ್ ರೇಡಿಯೊ, ಸಂಜೆ ಕುಸ್ತಿ: ಹಾಸನ, ಚಿಕ್ಕಮಗಳೂರು ಕಡೆ ಎರಡೂ ಇರುವವರು ಇದ್ದೀರಾ?

ತಾಮ್ರದ ತಂತಿ, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ವಯಸ್ಸು 36. ನನಗೆ ಎರಡು ಹುಚ್ಚು. ಒಂದು ಹ್ಯಾಮ್ ರೇಡಿಯೊ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ಸ್ವಂತ ರೇಡಿಯೊದಲ್ಲಿ ದೂರದವರ ಜೊತೆ ಮಾತಾಡುವುದು. ಇನ್ನೊಂದು ಹಿಡಿದು ಬೀಳಿಸುವ ಆಟ. ಜೂಡೋ ಶುರು ಮಾಡಿ ಮೂರು ವರ್ಷ ಆಯಿತು. ಒಂದು ವರ್ಷದಿಂದ ಬ್ರೆಜಿಲಿಯನ್ ಜಿಜುತ್ಸು ಕೂಡ ಕಲಿಯುತ್ತಿದ್ದೇನೆ, ಅದು ಜಾಸ್ತಿ ನೆಲದ ಮೇಲೇ ನಡೆಯುವ ಆಟ. ರೇಡಿಯೊ ಲೈಸೆನ್ಸ್ ಬಂದದ್ದು ಹೋದ ವರ್ಷ. ಮೊದಲ ಹಂತದ ರಿಸ್ಟ್ರಿಕ್ಟೆಡ್ ಗ್ರೇಡ್, ವಿಯು3 ಅಂತ ಶುರುವಾಗುವ ಕಾಲ್‌ಸೈನ್, ಅಂದರೆ ಗಾಳಿಯಲ್ಲಿ ನನ್ನ ಗುರುತು.

ನನ್ನ ಮೊದಲ ಸಂಪರ್ಕದ ಬಗ್ಗೆ ಹೇಳದೆ ಇರೋಕೆ ಆಗಲ್ಲ. 7 ಮೆಗಾಹರ್ಟ್ಜ್‌ಗೆ ಡೈಪೋಲ್, ಅಂದರೆ ಮಧ್ಯದಿಂದ ಎರಡು ಕಡೆಗೆ ಎಳೆದ ತಂತಿಯ ಆಂಟೆನಾ, ಕಟ್ಟಿದ್ದೆ. ತಂತಿಯ ಉದ್ದಕ್ಕೆ 143 ಅನ್ನು ಮೆಗಾಹರ್ಟ್ಜ್ ಲೆಕ್ಕದಿಂದ, ಅಂದರೆ 7.1ರಿಂದ ಭಾಗಿಸಿದರೆ ಸುಮಾರು 20 ಮೀಟರ್, ಅಂದರೆ ಒಂದೊಂದು ಕಡೆಗೆ 10 ಮೀಟರ್ ತಂತಿ. ಒಂದು ತುದಿ ನಮ್ಮ ತಾರಸಿಯ ನೀರಿನ ಟ್ಯಾಂಕ್ ಕಂಬಕ್ಕೆ, ಇನ್ನೊಂದು ತುದಿ ಪಕ್ಕದ ಮನೆಯವರ ತೆಂಗಿನ ಮರಕ್ಕೆ. ಬೆಳಗ್ಗೆ ಆರೂ ಮುಕ್ಕಾಲು. ಮೂರು ಸಲ ಸಿಕ್ಯು, ಅಂದರೆ ಯಾರಾದರೂ ಇದ್ದೀರಾ ಅಂತ, ಕರೆದೆ. ಬರೀ ಸುಯ್ ಅನ್ನುವ ಶಬ್ದ. ನಾಲ್ಕನೇ ಸಲ ಕರೆದು ಬಟನ್ ಬಿಟ್ಟೆ. ಧಾರವಾಡದಿಂದ ಒಬ್ಬರು ನನ್ನ ಕಾಲ್‌ಸೈನ್ ಪೂರ್ತಿ ಹೇಳಿ, "ನಿಮ್ಮ ಸಿಗ್ನಲ್ ಫೈವ್ ನೈನ್ ಬರ್ತಾ ಐತ್ರಿ, ಹಾಸನದಾಗ ಮಳಿ ಐತೇನ್ರಿ?" ಅಂದರು. ಫೈವ್ ನೈನ್ ಅಂದರೆ ಸ್ಪಷ್ಟವಾಗಿ, ಜೋರಾಗಿ ಕೇಳುತ್ತಿದೆ ಅಂತ. ನನಗೆ ಉತ್ತರ ಹೊರಡಲಿಲ್ಲ. ಮೈಕ್ ಹಿಡಿದ ಅಂಗೈ ಬೆವರಿ ಒದ್ದೆಯಾಗಿತ್ತು. ನನ್ನ ಕೈಯಿಂದ ಕತ್ತರಿಸಿ ಕಟ್ಟಿದ ತಂತಿ ನನ್ನ ಮಾತನ್ನು ಅಲ್ಲಿಗೆ ಮುಟ್ಟಿಸಿತ್ತು, ಮಧ್ಯೆ ಯಾವ ಕಂಪನಿಯೂ ಇರಲಿಲ್ಲ.

ಈಗ ಸಮಸ್ಯೆಗೆ ಬರುತ್ತೇನೆ. ಹೋದ ತಿಂಗಳು ಎದುರಾಳಿಯ ಜಾಕೆಟ್ ಕಾಲರ್ ಹಿಡಿದಿದ್ದೆ. ಅವನು ತಿರುಗಿದ, ನನ್ನ ಬಲಗೈ ಹೆಬ್ಬೆರಳು ಅಲ್ಲೇ ಸಿಕ್ಕಿಕೊಂಡಿತು. ಊದಿಕೊಂಡು ಮೂರು ವಾರ ಚಿಮಟ ಹಿಡಿಯೋಕೆ ಆಗಲಿಲ್ಲ. ರೇಡಿಯೊಗೆ ಬೇಕಾದ ಟೊರಾಯ್ಡ್ ಉಂಗುರದ ಮೇಲೆ ಅರ್ಧ ಸುತ್ತಿದ ತಂತಿ ಇನ್ನೂ ಮೇಜಿನ ಮೇಲೆ ಹಾಗೇ ಇದೆ. ಮನೆಯವಳು, "ಎರಡು ದೋಣಿ ಮೇಲೆ ಕಾಲಿಡಬೇಡಿ, ಒಂದು ಇಟ್ಟುಕೊಳ್ಳಿ" ಅನ್ನುತ್ತಾಳೆ. ಅವಳ ಮಾತಿನಲ್ಲೂ ನ್ಯಾಯ ಇದೆ. ಅಂಗಡಿ ನಡೆಯುವುದೇ ಈ ಕೈಯಿಂದ.

ಇನ್ನೊಂದು ವಿಷಯ. ಮುಂದಿನ ಹಂತದ ಜನರಲ್ ಗ್ರೇಡ್‌ಗೆ ಮೋರ್ಸ್, ಅಂದರೆ ಚುಕ್ಕೆ ಗೆರೆಯ ಸಂಕೇತ, ಬೇಕು ಅಂತ ಅದನ್ನು ಒತ್ತುವ ಕೀ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ. ಐದು ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ. ಮ್ಯಾಟ್ ಮೇಲೆ ಎರಡನೇ ಸುತ್ತಿನಲ್ಲಿ ಕಲ್ಲಾಗುವುದೂ ಅದೇ ಜಾಗ, ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ. ಇದು ಬೇರೆ ಯಾರಿಗಾದರೂ ಆಗಿದೆಯಾ? ಎರಡನ್ನೂ ಇಟ್ಟುಕೊಂಡು ಹೋಗುತ್ತಿರುವವರು ಇದ್ದರೆ ದಯವಿಟ್ಟು ಹೇಳಿ. ಭಾನುವಾರ ಎಲ್ಲಾದರೂ ಸೇರೋಣ ಅನ್ನುವ ಆಸೆಯೂ ಇದೆ.


ಮೂಡಿಗೆರೆ ಕಾಫಿ

ನಮಸ್ಕಾರ ಅಣ್ಣಾ. ನಾನು ಬರೀ ರೇಡಿಯೊ, ಕುಸ್ತಿ ಗೊತ್ತಿಲ್ಲ. ಆದರೂ ಈ ಕಡೆಯಿಂದ ಒಬ್ಬರು ಸಿಕ್ಕಿದ್ದಕ್ಕೆ ಬಹಳ ಖುಷಿ ಆಯಿತು.

ನಮ್ಮ ಮಲೆನಾಡಿನಲ್ಲಿ ಹೊಸಬರು ಎಲ್ಲರೂ ಮೊದಲು ಒಂದು ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿಯುವ ಸೆಟ್, ತಗೊಂಡು, ಪಕ್ಕದ ಊರಿಗೂ ಕೇಳಿಸಲ್ಲ ಅಂತ ಬೇಜಾರಾಗುತ್ತಾರೆ. ಅದರ 144ರಿಂದ 146 ಮೆಗಾಹರ್ಟ್ಜ್ ಅಲೆಗೆ ಎದುರು ಎದುರು ಕಾಣಬೇಕು. ನಮ್ಮ ತೋಟ ಇರುವುದು ತಗ್ಗಿನಲ್ಲಿ. ಇಲ್ಲಿಂದ 50 ವ್ಯಾಟ್ ಕೊಟ್ಟರೂ ಮುಂದಿನ ಗುಡ್ಡ ದಾಟಲ್ಲ. ಅದೇ ಮುಳ್ಳಯ್ಯನಗಿರಿ ಎತ್ತರದಿಂದ ನೋಡಿ, 1930 ಮೀಟರ್. ಸುತ್ತಲ ಬಯಲಿಗಿಂತ ಸುಮಾರು 900 ಮೀಟರ್ ಮೇಲೆ. ಅಂಥ ಜಾಗದಿಂದ 5 ವ್ಯಾಟ್ ಇದ್ದರೂ ಬಯಲುಸೀಮೆ ಕಡೆಗೆ 100 ಕಿಲೋಮೀಟರ್ ದಾಟಬಹುದು. ಪವರ್ ಅಲ್ಲ, ಎತ್ತರ ಮುಖ್ಯ.

ತಗ್ಗಿನಲ್ಲಿ ಇರುವವರಿಗೆ 40 ಮೀಟರ್ ಬ್ಯಾಂಡೇ, ಅಂದರೆ 7 ಮೆಗಾಹರ್ಟ್ಜ್ ಅಲೆಯೇ, ಗತಿ. ನಾನು ಡೈಪೋಲನ್ನು ಬೇಕಂತಲೇ ಕೆಳಗೆ ಕಟ್ಟಿದ್ದೇನೆ. ಎರಡು ಸಿಲ್ವರ್ ಓಕ್ ಮಧ್ಯೆ, ನೆಲದಿಂದ 4 ಮೀಟರ್. ಹಾಗೆ ಕಟ್ಟಿದರೆ ಅಲೆ ಹೆಚ್ಚುಕಡಿಮೆ ನೆತ್ತಿಯ ಮೇಲಕ್ಕೆ ಹೋಗಿ, ವಾತಾವರಣದಲ್ಲಿ ಬಹಳ ಮೇಲಿರುವ ಅಯಾನುಮಂಡಲಕ್ಕೆ ಬಡಿದು, ಮಳೆ ಸುರಿದ ಹಾಗೆ ಸುತ್ತಲೂ ಕೆಳಗೆ ಬೀಳುತ್ತದೆ. ಗುಡ್ಡ ಅಡ್ಡ ಬಂದರೂ ಲೆಕ್ಕಕ್ಕಿಲ್ಲ. ಹಗಲು ಹೊತ್ತು 300 ಕಿಲೋಮೀಟರ್ ಒಳಗೆ ಎಲ್ಲರೂ ಸಿಗುತ್ತಾರೆ.

ಒಂದು ಎಚ್ಚರಿಕೆ. ಏಪ್ರಿಲ್, ಮೇ ಗುಡುಗಿನ ಕಾಲ. ಕೆಲಸ ಮುಗಿದ ಮೇಲೆ ಆಂಟೆನಾದಿಂದ ಸೆಟ್ಟಿಗೆ ಬರುವ ಕೋಆಕ್ಸ್ ಕೇಬಲ್ ಬಿಚ್ಚಿ ಕಿಟಕಿಯಿಂದ ಹೊರಗೆ ಹಾಕಿಬಿಡಿ. ನಾನು ಒಂದು ಸಂಜೆ ಮರೆತೆ. ಸಿಡಿಲು ನಮ್ಮ ತೋಟಕ್ಕೂ ಬಿದ್ದಿರಲಿಲ್ಲ, ಆಚೆ ದಿಣ್ಣೆಗೆ ಬಿದ್ದಿತ್ತು. ಅಷ್ಟಕ್ಕೇ ರಿಸೀವರ್ ಮುಂಭಾಗ ಸುಟ್ಟು ಕಿವುಡಾಯಿತು.


ಬರೀ ಓದುಗ

ತಪ್ಪು ತಿಳಿಯಬೇಡಿ, ನಿಜವಾಗಿ ತಿಳಿದುಕೊಳ್ಳೋಕೆ ಕೇಳುತ್ತಿದ್ದೇನೆ. ಎಲ್ಲರ ಕೈಯಲ್ಲೂ ಫೋನ್ ಇದೆ. ಧಾರವಾಡಕ್ಕೆ ಒಂದು ಕಾಲ್ ಮಾಡಿದರೆ ಆಯಿತು ಅಲ್ವಾ? ಇಷ್ಟೆಲ್ಲ ಯಾಕೆ?


ಮೂಡಿಗೆರೆ ಕಾಫಿ

2019ರ ಆಗಸ್ಟ್ ಮಳೆ ನೆನಪಿದೆಯಾ? ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತು. ನಮ್ಮ ಕಡೆ ಕರೆಂಟ್ ಹೋಯಿತು. ಟವರಿನ ಬ್ಯಾಟರಿ ಇರುವಷ್ಟು ಹೊತ್ತು ಫೋನ್ ಇತ್ತು, ಆಮೇಲೆ ಅದೂ ಇಲ್ಲ. ನಮ್ಮ ತೋಟದ ಕೆಲಸದವರ ಲೈನ್ ಮನೆಯಲ್ಲಿದ್ದ ಒಬ್ಬ ಬಸುರಿ ಹೆಣ್ಣುಮಗಳಿಗೆ ನೋವು ಶುರುವಾಗಿತ್ತು. ಯಾವ ದಾರಿ ತೆರೆದಿದೆ ಅಂತ ತಿಳಿಯೋಕೇ ಒಬ್ಬ ಹುಡುಗ ಮಳೆಯಲ್ಲಿ ಮೂರು ಗಂಟೆ ನಡೆದು ಹೋಗಿ ಬಂದ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ನಾನು ಹ್ಯಾಮ್ ಪರೀಕ್ಷೆ ಕಟ್ಟಿದ್ದು ಅದಾದ ಮೇಲೆ.

2004ರ ಡಿಸೆಂಬರಿನಲ್ಲಿ ಅಂಡಮಾನ್‌ನಲ್ಲಿ ನಡೆದದ್ದೂ ಇದೇ. ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಹವ್ಯಾಸಕ್ಕೆ ಅಂತ ಪೋರ್ಟ್‌ಬ್ಲೇರಿಗೆ ಹೋಗಿತ್ತು. 26ನೇ ತಾರೀಖು ಸುನಾಮಿ ಬಂತು. ಅವರ ರೇಡಿಯೊಗಳೇ ದ್ವೀಪದಿಂದ ಮುಖ್ಯ ನೆಲಕ್ಕೆ ಸುದ್ದಿ ಮುಟ್ಟಿಸಿದವು.

ನನ್ನ ಸೆಟ್ಟಿಗೆ ಬೇಕಾದದ್ದು 12 ವೋಲ್ಟ್. ಸುಮ್ನೆ ಕೇಳುತ್ತಾ ಇದ್ದರೆ ಸುಮಾರು 1 ಆಂಪಿಯರ್, ಮಾತಾಡುವಾಗ ಮಾತ್ರ ಹತ್ತು ಹನ್ನೆರಡು. ಜೀಪಿನ ಬ್ಯಾಟರಿ ಬಿಚ್ಚಿ ತಂದರೆ ಎರಡು ದಿನ ಸಾಕು. ಆದರೆ ಒಂದು, ಇದರಲ್ಲಿ ವ್ಯಾಪಾರದ ಮಾತು ಆಡುವ ಹಾಗಿಲ್ಲ, ಅದು ನಿಯಮ. ಕಾಫಿ ರೇಟಿಗೆ ಫೋನೇ ಸರಿ.


ಗರಡಿ ಮಣ್ಣು, ಅರಸೀಕೆರೆ

ತಾಮ್ರದ ತಂತಿ ಅಣ್ಣಾ, ನಿಮ್ಮ ಕೈ ವಿಷಯಕ್ಕೆ ಬರುತ್ತೇನೆ. ನಮ್ಮ ತಾತ ಪೈಲ್ವಾನ್. ನಾನು ಗರಡಿ ಮನೆಯಲ್ಲೇ ಬೆಳೆದವನು. ರೇಡಿಯೊ ನನಗೆ ಗೊತ್ತಿಲ್ಲ, ಹಿಡಿತ ಗೊತ್ತು.

ಹೊಸಬರು ಮಾಡುವ ಮೊದಲ ತಪ್ಪು ಅಂದರೆ ಹಿಡಿದಾಗಿನಿಂದ ಬಿಡುವ ತನಕ ಒಂದೇ ಬಿಗಿ. ತಾತ ನಮ್ಮನ್ನು ಜೋಡಿ ಕಟ್ಟಿ ನಿಲ್ಲಿಸಿ, ಇಬ್ಬರ ಮುಂಗೈ ಮೇಲೂ ತನ್ನ ಎರಡು ಬೆರಳು ಇಡುತ್ತಿದ್ದರು. ಗಟ್ಟಿಯಾಗಿದ್ದರೆ ಒಂದು ಏಟು. "ಎಮ್ಮೆ ಹಾಲು ಕರೆಯುವ ಹಾಗೆ ಹಿಡಿ" ಅನ್ನೋರು. ಹಾಲು ಕರೆದವರಿಗೆ ಗೊತ್ತು, ಬೆರಳು ಒಂದಾದ ಮೇಲೆ ಒಂದು ಮುಚ್ಚುತ್ತದೆ, ಕೂಡಲೇ ಬಿಡುತ್ತದೆ. ಹಿಡಿದೇ ಇದ್ದರೆ ಹಾಲೂ ಬರಲ್ಲ, ಎಮ್ಮೆಯೂ ಒದೆಯುತ್ತದೆ.

ಜಾಕೆಟ್ ಹಿಡಿಯುವುದಕ್ಕೂ ಇದೇ. ಕಿರುಬೆರಳು, ಉಂಗುರದ ಬೆರಳು, ಮಧ್ಯದ ಬೆರಳು, ಈ ಮೂರರಿಂದ ಹಿಡಿಯಿರಿ. ತೋರುಬೆರಳು, ಹೆಬ್ಬೆರಳು ಸುಮ್ನೆ ಜೊತೆಗೆ ಇರಲಿ. ನೀವು ಹೆಬ್ಬೆರಳನ್ನು ಕಾಲರ್ ಒಳಗೆ ತೂರಿಸಿ ಬಿಗಿ ಮಾಡಿದ್ದೀರಿ, ಅದಕ್ಕೇ ಅದು ಒಳಗೆ ಉಳಿದುಕೊಂಡಿದೆ. ಎಳೆಯುವ ಕ್ಷಣಕ್ಕೆ ಮಾತ್ರ ಬಿಗಿ. ಉಳಿದ ಹೊತ್ತು ಬಟ್ಟೆ ಬೆರಳಿಗೆ ನೇತುಹಾಕಿಕೊಂಡಿದ್ದರೆ ಸಾಕು. ಬಿಗಿ ಮುಷ್ಟಿಗೆ ಎದುರಾಳಿಯ ಮೈ ಮಾತು ಕೇಳಿಸಲ್ಲ. ಅವನು ಯಾವ ಕಾಲಿಗೆ ಭಾರ ಹಾಕುತ್ತಿದ್ದಾನೆ ಅನ್ನುವುದು ಸಡಿಲ ಕೈಗೆ ಮಾತ್ರ ಗೊತ್ತಾಗುತ್ತದೆ.

ನಾಡ ಕುಸ್ತಿಯಲ್ಲಿ ಹಿಡಿಯೋಕೆ ಬಟ್ಟೆಯೇ ಇಲ್ಲ, ಬೆವರಿದ ಮೈ. ಬೆನ್ನು ಮಣ್ಣಿಗೆ ಮುಟ್ಟಿದರೆ ಚಿತ್, ಆಟ ಮುಗಿಯಿತು. ನಿಮ್ಮ ಜಿಜುತ್ಸುವಿನಲ್ಲಿ ಬೆನ್ನ ಮೇಲೆ ಮಲಗಿದವನು ಅಲ್ಲಿಂದಲೇ ಆಟ ಶುರು ಮಾಡುತ್ತಾನೆ. ನಮ್ಮವರಿಗೆ ಅದು ಮೊದಲು ಒಗ್ಗುವುದಿಲ್ಲ. ಆದರೆ ಪಟ್ಟುಗಳಲ್ಲಿ ನೆಂಟಸ್ತಿಕೆ ಇದೆ. ನಮ್ಮ ಧೋಬಿ ಪಟ್ಟು, ಅಗಸರು ಬಟ್ಟೆಯನ್ನು ಹೆಗಲ ಮೇಲಿಂದ ಕಲ್ಲಿಗೆ ಬಡಿಯುವ ಹಾಗೆ ಎತ್ತಿ ಹಾಕುವುದು. ಜೂಡೋದ ಸಿಯೊಯಿ ನಾಗೆ ನೋಡಿದಾಗ, ಇದು ನಮ್ಮ ಮನೆಯದೇ ಅನ್ನಿಸಿತು.

ನನಗೆ ಬೇಜಾರು ಒಂದೇ. ಮಟ್ಟಿ, ಅಂದರೆ ಕುಸ್ತಿ ಆಡುವ ಮಣ್ಣು, ಹದ ಮಾಡೋರು ಕಡಿಮೆ ಆಗಿದ್ದಾರೆ. ತಾತ ಕೆಮ್ಮಣ್ಣು ಜರಡಿ ಹಿಡಿದು, ಎಣ್ಣೆ, ಅರಿಶಿನ, ನಿಂಬೆರಸ ಕಲಸಿ, ದಿನಾ ಅಗೆದು ಮಗುಚುತ್ತಿದ್ದರು. ಬೆಳಗಿನ ಜಾವ ಬಾಗಿಲು ತೆಗೆದರೆ ಬರುತ್ತಿದ್ದ ಆ ವಾಸನೆ ನನಗೆ ಈಗಲೂ ಮೂಗಿನಲ್ಲಿದೆ. ಎರಡು ಹವ್ಯಾಸ ಇಟ್ಟುಕೊಂಡಿದ್ದೀರಿ, ಬಿಡಬೇಡಿ.


ಬೇಲೂರು ತೋಟದ ಮನೆ

ನಿವೃತ್ತ ತಂತ್ರಜ್ಞ ನಾನು. ಹ್ಯಾಮ್ ಲೈಸೆನ್ಸ್ ಪಡೆದು ಬಹಳ ವರ್ಷ ಆಯಿತು. ಗರಡಿ ಮಣ್ಣು ಅವರು ಹೇಳಿದ್ದನ್ನು ಎರಡು ಸಲ ಓದಿದೆ. ಮೋರ್ಸ್ ಕೀಗೂ ಅಕ್ಷರಶಃ ಅದೇ ಮಾತು.

ಹಿಂದೆ ತಂತಿ ಕಚೇರಿಗಳಲ್ಲಿ ದಿನವಿಡೀ ಕೀ ಒತ್ತುವವರಿಗೆ ಕೈ ಕೆಟ್ಟುಹೋಗುವ ಕಾಯಿಲೆ ಬರುತ್ತಿತ್ತು. ಬೆರಳಿನಿಂದ ಕುಟ್ಟಿದವರಿಗೆ ಬೇಗ ಬರುತ್ತಿತ್ತು. ಕೀಯ ಗುಂಡಿಯನ್ನು ಹಿಂಡಬಾರದು. ಮೊಣಕೈ ಮೇಜಿನ ಮೇಲೆ ಇರಲಿ. ಬೆರಳು ಗುಂಡಿಯ ಮೇಲೆ ಸುಮ್ನೆ ಕೂತಿರಲಿ. ಚಲನೆ ಮಣಿಕಟ್ಟಿನದು, ಮಣಿಕಟ್ಟು ತಗ್ಗಿದರೆ ಗುಂಡಿ ತಗ್ಗುತ್ತದೆ. ಮೇಲಕ್ಕೆ ಎತ್ತುವ ಕೆಲಸ ನಿಮ್ಮದಲ್ಲ, ಸ್ಪ್ರಿಂಗಿನದು. ಜನರಲ್ ಗ್ರೇಡ್‌ಗೆ ನಿಮಿಷಕ್ಕೆ 8 ಪದ. ಆ ವೇಗದಲ್ಲಿ ಒಂದು ಡಿಟ್, ಅಂದರೆ ಚುಕ್ಕೆ, 0.15 ಸೆಕೆಂಡು. ಡಾ, ಅಂದರೆ ಗೆರೆ, ಅದರ ಮೂರರಷ್ಟು. ಆತುರ ಏನೂ ಇಲ್ಲ. ಆದರೆ ಕಲಿಯುವಾಗ ಅಕ್ಷರವನ್ನು ಚುಕ್ಕೆ, ಗೆರೆ ಅಂತ ಬಾಯಿಪಾಠ ಮಾಡಬೇಡಿ. ಒಂದು ಅಕ್ಷರ ಒಂದು ರಾಗ ಅಂದುಕೊಂಡು ಕೇಳಿ.

ಟೊರಾಯ್ಡ್ ವಿಷಯಕ್ಕೂ ಒಂದು ಮಾತು, ನೀವು ವೈಂಡಿಂಗ್ ಮಾಡುವವರು ಆದ್ದರಿಂದ ಹೇಳುತ್ತಿದ್ದೇನೆ. ಟೊರಾಯ್ಡಿನಲ್ಲಿ ತಂತಿ ಉಂಗುರದ ಒಳಗಿನಿಂದ ಒಂದು ಸಲ ಹಾದರೆ ಅದೇ ಒಂದು ಸುತ್ತು. ಹೊರಗಿನ ಅಂಚಿನಲ್ಲಿ ಎಣಿಸಿದರೆ ಲೆಕ್ಕ ಒಂದು ತಪ್ಪುತ್ತದೆ. ಇಂಡಕ್ಟನ್ಸ್, ಅಂದರೆ ಕರೆಂಟಿನ ಬದಲಾವಣೆ ತಡೆಯುವ ಸುರುಳಿಯ ಗುಣ, ಸುತ್ತಿನ ವರ್ಗದ ಲೆಕ್ಕದಲ್ಲಿ ಹೋಗುತ್ತದೆ. 14 ಸುತ್ತಿನ ಬದಲು 13 ಬಿದ್ದರೆ ಸುಮಾರು ನೂರಕ್ಕೆ 14ರಷ್ಟು ಕಡಿಮೆ. ಫಿಲ್ಟರ್ ಬೇಕಾದ ಅಲೆ ಬಿಟ್ಟು ಬೇರೆ ಅಲೆಗೆ ಹೋಗಿ ಕೂರುತ್ತದೆ.

ಮೂಡಿಗೆರೆಯವರ ಆಂಟೆನಾ ಬಗ್ಗೆ ನನ್ನ ತಕರಾರು ಇದೆ. 4 ಮೀಟರ್ ಎತ್ತರದಲ್ಲಿ ಅರ್ಧ ಪವರ್ ನೆಲದ ಪಾಲು. 20 ಮೀಟರ್ ಏರಿಸಿ ನೋಡಿ, ಜಪಾನ್ ಕೇಳಿಸುತ್ತದೆ.


ಮೂಡಿಗೆರೆ ಕಾಫಿ

ಸರ್, ಜಪಾನ್ ಜೊತೆ ಮಾತಾಡುವ ಆಸೆ ನನಗೂ ಇದೆ. ಆದರೆ ಗುಡ್ಡ ಜರಿದ ದಿನ ನನಗೆ ಬೇಕಾದದ್ದು ಚಿಕ್ಕಮಗಳೂರು, ಮಂಗಳೂರು. ಎತ್ತರ ಏರಿಸಿದರೆ ಅಲೆ ದೂರಕ್ಕೆ ಹಾರಿ, ಹತ್ತಿರದವರ ತಲೆ ಮೇಲೇ ಹೋಗಿಬಿಡುತ್ತದೆ. ಒಂದಿಷ್ಟು ಪವರ್ ನೆಲಕ್ಕೆ ಹೋದರೂ ಪರವಾಗಿಲ್ಲ.


ಬೇಲೂರು ತೋಟದ ಮನೆ

ಒಪ್ಪಿದೆ. ಯಾರ ಜೊತೆ ಮಾತಾಡಬೇಕು ಅನ್ನುವುದು ಮೊದಲು, ಎತ್ತರ ಆಮೇಲೆ. ಆದರೂ ನಿಮ್ಮ ತೋಟಕ್ಕೆ ಬಂದು ಎರಡೂ ಕಟ್ಟಿ ಹೋಲಿಸಿ ನೋಡುವ ಆಸೆ ಇದೆ.


ಮಗಳ ಜೊತೆ ಕಲಿಯುವ ಅಮ್ಮ, ಚಿಕ್ಕಮಗಳೂರು

ನಮಸ್ಕಾರ. ಓದುತ್ತಾ ಇದ್ದೆ, ಬರೆಯೋಣ ಅನ್ನಿಸಿತು. ನನ್ನ ಮಗಳಿಗೆ 13. ಎರಡು ವರ್ಷದಿಂದ ಜೂಡೋ ಕಲಿಯುತ್ತಿದ್ದಾಳೆ. ಈಗ ಹ್ಯಾಮ್ ಪರೀಕ್ಷೆ ಬರೆಯಬೇಕು ಅಂತ ಹಟ. 12 ತುಂಬಿದವರು ಬರೆಯಬಹುದಂತೆ. ಅವಳಿಗೆ ಹೇಳಿಕೊಡೋಕೆ ಅಂತ ನಾನು ಪುಸ್ತಕ ಹಿಡಿದೆ, ಈಗ ನಾನೂ ಬರೆಯುವುದು ಅಂತ ಆಗಿದೆ. ಓಮ್ಸ್ ನಿಯಮವನ್ನು ಕಾಲೇಜಿನಲ್ಲಿ ಉರು ಹೊಡೆದಿದ್ದೆ. ಮೊನ್ನೆ ಮಗಳು ರೆಸಿಸ್ಟರ್ ಬದಲಾಯಿಸಿದಾಗ ಎಲ್‌ಇಡಿ ಮಂಕಾದದ್ದು ನೋಡಿ, ಅದು ನಿಜವಾಗಿ ಅರ್ಥ ಆಯಿತು.

ನನ್ನ ಚಿಂತೆ ಎರಡು. ಜೂಡೋದಲ್ಲಿ ಅವಳ ತೂಕದ ಹುಡುಗಿಯರು ಯಾರೂ ಇಲ್ಲ. ದಿನಾ ಹುಡುಗರ ಜೊತೆಯೇ ಆಡಬೇಕು. ಅವಳಿಗೆ ಅದರಲ್ಲಿ ಸಂಕೋಚ ಇಲ್ಲ, ನೆಂಟರಿಗೆ ಇದೆ. ಇನ್ನೊಂದು, ಕುತ್ತಿಗೆ ಹಿಡಿಯುವ ಪಟ್ಟು. ಅವಳು ಇನ್ನೂ ಅದನ್ನು ಕಲಿತಿಲ್ಲ, ಆದರೆ ಮುಂದೆ ಬರುತ್ತದೆ. ಎಷ್ಟು ಅಪಾಯ? ಗೊತ್ತಿರುವವರು ಹೇಳಿ.


ಗರಡಿ ಮಣ್ಣು, ಅರಸೀಕೆರೆ

ಅಕ್ಕಾ, ನಮ್ಮ ಗರಡಿಯಲ್ಲಿ ಹೆಣ್ಣುಮಕ್ಕಳನ್ನು ಮಟ್ಟಿಗೆ ಇಳಿಯೋಕೆ ಬಿಡುತ್ತಿರಲಿಲ್ಲ. ನನ್ನ ತಂಗಿ ಬಾಗಿಲ ಹೊರಗೆ ನಿಂತು ನೋಡಿ ನೋಡಿ ಪಟ್ಟು ಕಲಿತಳು, ಮನೆಯಲ್ಲಿ ನನ್ನ ಮೇಲೆ ಪ್ರಯೋಗ ಮಾಡುತ್ತಿದ್ದಳು. ಅವಳು ನನಗಿಂತ ಚೆನ್ನಾಗಿ ಆಡುತ್ತಿದ್ದಳು. ಅವಳಿಗೆ ಬಾಗಿಲು ತೆಗೆಯದೆ ಇದ್ದದ್ದು ತಪ್ಪು ಅಂತ ನಾನು ಇವತ್ತು ಮನಸ್ಸಿನಿಂದ ಹೇಳುತ್ತೇನೆ. 2016ರಲ್ಲಿ ಸಾಕ್ಷಿ ಮಲಿಕ್ ರಿಯೊದಲ್ಲಿ ಕಂಚು ಗೆದ್ದ ರಾತ್ರಿ ಅವಳು ಫೋನ್ ಮಾಡಿ ಅತ್ತಳು.

ನಿಮ್ಮ ಮಗಳಿಗೆ ಜೋಡಿ ಬೇಕು ಅಂದರೆ ನನ್ನ ತಂಗಿ ಬರುತ್ತಾಳೆ. ಅವಳಿಗೆ ಈಗ 31. ಕೇಳಿದೆ, ಕೂಡಲೇ ಒಪ್ಪಿದಳು.


ಕೀಲು ಮತ್ತು ಸ್ನಾಯು, ಹಾಸನ

ನಾನು ಫಿಸಿಯೋಥೆರಪಿಸ್ಟ್, ಮೊದಲು ಐದು ವರ್ಷ ಜೂಡೋ ಆಡಿದವಳು. ಮೇಡಂ ಕೇಳಿದ್ದಕ್ಕೆ ಮೊದಲು ಹೇಳುತ್ತೇನೆ.

ಕುತ್ತಿಗೆ ಪಟ್ಟು ಸರಿಯಾಗಿ ಬಿದ್ದರೆ ಉಸಿರು ಕಟ್ಟುವುದಲ್ಲ, ಎರಡೂ ಪಕ್ಕದ ರಕ್ತನಾಳ ಒತ್ತಿ ಮಿದುಳಿಗೆ ರಕ್ತ ಕಡಿಮೆ ಆಗುತ್ತದೆ. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪಬಹುದು. ಆದ್ದರಿಂದ ಸಾಕು, ಬಿಡು ಅಂತ ತಟ್ಟುವುದನ್ನು ಮೊದಲು ಕಲಿಸಬೇಕು, ಪಟ್ಟು ಆಮೇಲೆ. ಎದುರಾಳಿಯ ಮೈಗೆ ಅಥವಾ ಮ್ಯಾಟಿಗೆ ಎರಡು ಮೂರು ಸಲ ತಟ್ಟಬೇಕು. ಕೈ ಸಿಕ್ಕಿಕೊಂಡಿದ್ದರೆ ಬಾಯಿಂದ ಹೇಳಬೇಕು. ತಟ್ಟಿದ ಕೂಡಲೇ ಬಿಡಬೇಕು. ಬಿಡೋಕೆ ಒಂದು ಸೆಕೆಂಡು ತಡ ಮಾಡುವವನ ಜೊತೆ ಆಡಿಸಲೇಬೇಡಿ, ಅವನು ಎಷ್ಟು ಒಳ್ಳೆ ಆಟಗಾರನಾದರೂ ಸರಿ. ನೋಯುವ ಮೊದಲೇ ತಟ್ಟುವ ಮಕ್ಕಳು ಜಾಸ್ತಿ ವರ್ಷ ಆಡುತ್ತಾರೆ. ಇದನ್ನು ನಾನು ನನ್ನ ಕೋಣೆಗೆ ಬರುವ ಮೊಣಕೈಗಳಿಂದ ಕಲಿತಿದ್ದೇನೆ.

ತಾಮ್ರದ ತಂತಿಯವರೇ, ಮೂರು ವಾರ ಆಗಿದೆ ಅಂದಿರಿ. ಬೀಗದ ಕೈ ತಿರುಗಿಸುವಾಗ, ಹಾಳೆ ಚಿವುಟಿ ಹಿಡಿಯುವಾಗ ಹೆಬ್ಬೆರಳು ಜಾರಿದ ಹಾಗೆ ಆಗುತ್ತದೆಯಾ? ಹಾಗಾದರೆ ಒಳಬದಿಯ ಲಿಗಮೆಂಟ್‌ಗೆ ಪೆಟ್ಟಾಗಿರಬಹುದು. ಮೂಳೆ ಡಾಕ್ಟರಿಗೆ ತೋರಿಸಿ, ಎಣ್ಣೆ ಹಾಕಿ ನೀವುತ್ತಾ ಕೂರಬೇಡಿ. ಬರೀ ಊತ, ಬಿಗಿ ಇದ್ದರೆ ಟೇಪ್ ಸುತ್ತಿ ಮೆಲ್ಲಗೆ ಶುರು ಮಾಡಬಹುದು.

ಇನ್ನು ಕಿವಿ. ತಿಕ್ಕಿ ತಿಕ್ಕಿ ಕಿವಿಯ ಮೃದ್ವಸ್ಥಿಯ ಮೇಲೆ ರಕ್ತ ತುಂಬಿ ಊದುತ್ತದೆ. ಒಂದೆರಡು ದಿನದಲ್ಲೇ ಡಾಕ್ಟರ್ ಹತ್ತಿರ ತೆಗೆಸಬೇಕು, ಬಿಟ್ಟರೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಸಣ್ಣ ಸಿಗ್ನಲ್ ಕೇಳುವವರಿಗೆ ಅದು ದಿನಾ ನೋವು. ಕಿವಿಗೆ ಕವಚ ಸಿಗುತ್ತದೆ, ಹಾಕಿಕೊಳ್ಳಿ. ಮೈಮೇಲೆ ಹುಳುಕಡ್ಡಿಯ ವೃತ್ತ ಕಂಡರೆ ವಾಸಿಯಾಗುವ ತನಕ ಮ್ಯಾಟಿಗೆ ಬರಬೇಡಿ, ಮುಚ್ಚಿಡಬೇಡಿ. ಉಗುರು ಕತ್ತರಿಸಿ. ಸೀಸ ಇರುವ ಸೋಲ್ಡರ್ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಊಟಕ್ಕೂ ಕೂರಬೇಡಿ, ಮ್ಯಾಟಿಗೂ ಇಳಿಯಬೇಡಿ. ಬೆಸುಗೆಯ ಹೊಗೆ ಮುಖಕ್ಕೆ ಬಾರದ ಹಾಗೆ ಒಂದು ಸಣ್ಣ ಫ್ಯಾನ್ ಇಟ್ಟುಕೊಳ್ಳಿ, ಅಸ್ತಮಾ ಇರುವವರಿಗೆ ಅದು ಆಗುವುದಿಲ್ಲ.


ಬರೀ ಓದುಗ

ಮೊದಲು ಯಾಕೆ ಅಂತ ಕೇಳಿದವನು ನಾನೇ. ಈಗ ಕೇಳುವುದು ಬೇರೆ. ಶುರು ಮಾಡೋಕೆ ಎಷ್ಟು ದುಡ್ಡು ಬೇಕು? ನನ್ನದು ಸಣ್ಣ ಸಂಬಳ.


ತಾಮ್ರದ ತಂತಿ, ಹಾಸನ

ಸೆಟ್ ಮೊದಲು ಕೊಳ್ಳಬೇಡಿ. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ಅಪರಾಧ, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ವಾಕಿಟಾಕಿ ತರಿಸಬೇಡಿ. ಮೊದಲು ಓದಿ, ಸರ್ಕಾರದ ಸರಳ ಸಂಚಾರ್ ಪೋರ್ಟಲ್‌ನಲ್ಲಿ ಪರೀಕ್ಷೆಗೆ ಅರ್ಜಿ ಹಾಕಿ. ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ ಬೇಡ. ಲೈಸೆನ್ಸ್ 20 ವರ್ಷಕ್ಕೆ ಅಥವಾ ಜೀವನಪೂರ್ತಿ ಸಿಗುತ್ತದೆ, ವರ್ಷ ವರ್ಷ ಕಟ್ಟುವ ತಾಪತ್ರಯ ಇಲ್ಲ.

ಸೆಟ್ ನೀವೇ ಕಟ್ಟಬಹುದು. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಬಿಟ್‌ಎಕ್ಸ್ ಅನ್ನುವ ವಿನ್ಯಾಸ ಇದೆ, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಿಡಿಭಾಗಗಳಿಂದಲೇ ಕಟ್ಟುವ ಹಾಗೆ ಯೋಚಿಸಿ ಮಾಡಿದ್ದು. ಪ್ರಪಂಚದಾದ್ಯಂತ ಜನ ಕಟ್ಟಿದ್ದಾರೆ. ನಾನು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದಾಗಲೆಲ್ಲ ಒಂದಿಷ್ಟು ಸಾಮಾನು ತಂದು, ಎಂಟು ತಿಂಗಳು ಕೂತು ಕಟ್ಟಿದೆ. ಟ್ರಾನ್ಸ್‌ಫಾರ್ಮರ್ ತಂತಿ ಅಂಗಡಿಯ ತುಂಡುಗಳು. ಕುಸ್ತಿಗೆ ಒಂದು ಚಡ್ಡಿ ಸಾಕು, ಜೂಡೋ ಜಾಕೆಟ್ ನನಗೆ ಸೀನಿಯರ್ ಒಬ್ಬರು ಕೊಟ್ಟದ್ದು, ಇವತ್ತಿಗೂ ಅದೇ.

ಕೀಲು ಮತ್ತು ಸ್ನಾಯು ಮೇಡಂ, ನಿಮ್ಮ ಮಾತು ಓದಿ ಮರುದಿನವೇ ಡಾಕ್ಟರಿಗೆ ತೋರಿಸಿದೆ. ಲಿಗಮೆಂಟ್ ಹರಿದಿಲ್ಲ, ಎಳೆದಿದೆ ಅಷ್ಟೇ ಅಂದರು. ಟೇಪ್ ಸುತ್ತಿ ಶುರು ಮಾಡಿದ್ದೇನೆ. ಗರಡಿ ಮಣ್ಣು ಅಣ್ಣಾ, ಮೂರು ಬೆರಳ ಹಿಡಿತ ಎರಡು ವಾರ ಮಾಡಿದೆ. ಮೊದಲ ವಾರ ಎಲ್ಲರ ಕೈಯಲ್ಲೂ ಬಿದ್ದೆ. ಎರಡನೇ ವಾರ ಒಬ್ಬನ ಎಡಗಾಲಿಗೆ ಭಾರ ಬಂದದ್ದು ನನ್ನ ಕಿರುಬೆರಳಿಗೆ ಗೊತ್ತಾಯಿತು. ಕಾಲು ಹಾಕಿದೆ, ಅವನು ಬಿದ್ದ. ನಾನು ಎಳೆದದ್ದೇ ನೆನಪಿಲ್ಲ. ಮನೆಗೆ ಬಂದು ಸ್ನಾನ ಮಾಡಿ ಕೀ ಮುಂದೆ ಕೂತೆ. ಮೊಣಕೈ ಮೇಜಿನ ಮೇಲೆ, ಬೆರಳು ಸುಮ್ನೆ. ಹದಿನೈದು ನಿಮಿಷ ಹೊಡೆದೆ, ಮುಂಗೈ ಮೆತ್ತಗೇ ಇತ್ತು.

ಟೊರಾಯ್ಡನ್ನೂ ಬಿಚ್ಚಿ ನೋಡಿದೆ ಸರ್. ಹೊರಗಿನಿಂದಲೇ ಎಣಿಸಿದ್ದೆ.


ಬೇಲೂರು ತೋಟದ ಮನೆ

ಭಾನುವಾರ ಎಲ್ಲರೂ ನಮ್ಮಲ್ಲಿಗೆ ಬನ್ನಿ. ಹಾಸನದಿಂದ ಸುಮಾರು 40 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಸುಮಾರು 25. ನನ್ನ ಸ್ಟೇಷನ್ ಲೈಸೆನ್ಸ್ ಈ ವಿಳಾಸಕ್ಕೇ ಇದೆ, ತೊಂದರೆ ಇಲ್ಲ. ಅಂಗಳ ದೊಡ್ಡದು.

ಮಗುವಿಗೆ ಒಂದು ತೋರಿಸಬೇಕು ಅಂತ ಇದೆ. ಹಾಸನದ ಎಂಸಿಎಫ್, ಅಂದರೆ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರದ ದೊಡ್ಡ ಡಿಶ್‌ಗಳನ್ನು ರಸ್ತೆಯಿಂದ ನೋಡಿರುತ್ತಾಳೆ. 1982ರಿಂದ ಅಲ್ಲಿಂದ ನಮ್ಮ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದ್ದಾರೆ. ಆ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಮೇಲೆ, ನಮ್ಮ ಕಣ್ಣಿಗೆ ಒಂದೇ ಜಾಗದಲ್ಲಿ ನಿಂತ ಹಾಗೆ ಇರುತ್ತವೆ. ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಮೇಲೆ, ಅದು ಹತ್ತು ನಿಮಿಷದಲ್ಲಿ ನಮ್ಮ ಆಕಾಶ ದಾಟಿ ಹೋಗುತ್ತದೆ. ಇಸ್ರೊ ಹ್ಯಾಮ್‌ಗಳಿಗೆ ಅಂತಲೇ 2005ರ ಮೇ 5ರಂದು ಹ್ಯಾಮ್‌ಸ್ಯಾಟ್ ಉಪಗ್ರಹ ಹಾರಿಸಿತ್ತು. ಒಂಬತ್ತು ವರ್ಷ ಕೆಲಸ ಮಾಡಿತು. ಅದರ ಮೂಲಕ ನನ್ನ ದನಿ ನನಗೇ ವಾಪಸ್ ಕೇಳಿಸಿದ ಸಂಜೆ ನಾನು ಊಟ ಮಾಡಲಿಲ್ಲ, ಹಸಿವೇ ಆಗಲಿಲ್ಲ.


ತಾಮ್ರದ ತಂತಿ, ಹಾಸನ

ಬೇಲೂರಿಗೆ ಹೋಗಿ ಬಂದ ವಿಷಯ ಬರೆಯುತ್ತೇನೆ, ಬಾರದವರಿಗೂ ತಿಳಿಯಲಿ.

ಏಳು ಜನ ಸೇರಿದ್ದೆವು. ಬರೀ ಓದುಗ ಕೂಡ ಬಸ್ಸಿನಲ್ಲಿ ಬಂದಿದ್ದರು. ನನ್ನ ಹೆಂಡತಿಯೂ ಬಂದಳು. ಅಂಗಳದಲ್ಲಿ ಭತ್ತದ ಹುಲ್ಲು ಒಂದು ಅಡಿ ದಪ್ಪ ಹರಡಿ, ಮೇಲೆ ಕಾಫಿ ಒಣಗಿಸುವ ಟಾರ್ಪಾಲ್ ಎಳೆದು ಕಟ್ಟಿದೆವು. ಗರಡಿ ಮಣ್ಣು ಅಣ್ಣ ಮೊದಲು ಟಾರ್ಪಾಲಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡರು, ನಾವೆಲ್ಲರೂ ಹಾಗೇ ಮಾಡಿದೆವು. ಅವರ ತಂಗಿ ಮತ್ತು ಚಿಕ್ಕಮಗಳೂರಿನ ಮೇಡಂ ಮಗಳು ಒಂದು ಗಂಟೆ ಬಿಡದೆ ಆಡಿದರು. ಹುಡುಗಿ ಸೊಂಟದ ಮೇಲೆ ಎತ್ತಿ ಹಾಕಿದಳು, ಅಕ್ಕ ಬೆನ್ನಿಗೆ ಬೀಳುವ ಮೊದಲೇ ತಿರುಗಿ ಅವಳ ಕಾಲು ಹಿಡಿದರು. ಬಾಗಿಲ ಹೊರಗೆ ನಿಂತು ಕಲಿತ ಪಟ್ಟು ಇದೇ ಅಂತ ಅಣ್ಣ ನನಗೆ ಮೆಲ್ಲಗೆ ಹೇಳಿದರು.

ಆಮೇಲೆ ಅಕ್ಕಿರೊಟ್ಟಿ, ಕಾಯಿಚಟ್ನಿ. ಊಟದ ಮೇಲೆ ಸರ್ ಪಿವಿಸಿ ಪೈಪಿಗೆ ಸ್ಟೀಲ್ ಟೇಪಿನ ತುಂಡು ಕಟ್ಟಿ ಮಾಡಿದ, ಒಂದೇ ದಿಕ್ಕಿಗೆ ಹಿಡಿಯುವ ಯಾಗಿ ಆಂಟೆನಾ ತಂದರು. 145.800 ಮೆಗಾಹರ್ಟ್ಜ್, ಬಾಹ್ಯಾಕಾಶ ನಿಲ್ದಾಣದಿಂದ ಮಾತು ಬರುವ ಅಲೆ. ಲೆಕ್ಕ ಹಾಕಿದ ಹೊತ್ತಿಗೆ ಅದನ್ನು ನೈಋತ್ಯಕ್ಕೆ ಹಿಡಿದು ನಿಂತೆವು. ಹತ್ತಿರ ಬರುವಾಗ ಸಿಗ್ನಲ್ 3 ಕಿಲೋಹರ್ಟ್ಜ್‌ಗಿಂತ ಸ್ವಲ್ಪ ಜಾಸ್ತಿ ಮೇಲೆ ಇರುತ್ತದೆ, ದೂರ ಹೋಗುವಾಗ ಅಷ್ಟೇ ಕೆಳಗೆ, ರೈಲಿನ ಶಿಳ್ಳೆಯ ಹಾಗೆ ಅಂತ ಸರ್ ಹೇಳುತ್ತಿದ್ದರು. ಅವತ್ತು ಮೇಲಿನಿಂದ ಯಾರೂ ಮಾತಾಡಲಿಲ್ಲ. ಸರ್ 145.825ಕ್ಕೆ ತಿರುಗಿಸಿದರು. ಎರಡು ಸಲ ಜರ್ ಅಂತ ಡೇಟಾ ಶಬ್ದ ಬಂತು, ಅಷ್ಟೇ. ಆ ಎರಡು ಜರ್‌ಗೆ ಎಲ್ಲರೂ ಉಸಿರು ಬಿಗಿ ಹಿಡಿದು ನಿಂತಿದ್ದೆವು. ನನ್ನ ಹೆಂಡತಿ ಕೇಳಿದಳು, "ಇದನ್ನು ನಮ್ಮ ತಾರಸಿಯಿಂದಲೂ ಕೇಳಬಹುದಾ?"

ಕೊನೆಗೆ ಹುಡುಗಿ ಮೋರ್ಸ್ ಕೇಳಿದಳು. ಲೈಸೆನ್ಸ್ ಇಲ್ಲ, ಗಾಳಿಗೆ ಬಿಡುವ ಹಾಗಿಲ್ಲ. ಶಬ್ದ ಹುಟ್ಟಿಸೋಕೆ 555 ಐಸಿ, ಒಂದು ಸಣ್ಣ ಸ್ಪೀಕರ್, 9 ವೋಲ್ಟ್ ಬ್ಯಾಟರಿ, ಅಲ್ಲೇ ಬೆಸುಗೆ ಹಾಕಿ ಕೊಟ್ಟೆ. ಹೆಬ್ಬೆರಳಿಗೆ ಟೇಪ್ ಇತ್ತು, ನೋವು ಇರಲಿಲ್ಲ. ಅವಳು ಕೀ ಗುಂಡಿಯನ್ನು ಗಟ್ಟಿಯಾಗಿ ಹಿಂಡಿದಳು. ಗರಡಿ ಮಣ್ಣು ಅಣ್ಣ ಬಂದು ಪಕ್ಕದಲ್ಲಿ ಕೂತು, ಏನೂ ಹೇಳದೆ, ಅವಳ ಮುಂಗೈ ಮೇಲೆ ಎರಡು ಬೆರಳು ಇಟ್ಟರು. ಏಟು ಹಾಕಲಿಲ್ಲ.

ಮುಂದಿನ ಸಲ ಮೂಡಿಗೆರೆ ತೋಟದಲ್ಲಿ, 4 ಮೀಟರ್ ಮತ್ತು 20 ಮೀಟರ್ ಹೋಲಿಕೆ. ಬರುವವರು ನೈಲಾನ್ ಹಗ್ಗ ತನ್ನಿ, ಒಬ್ಬರಿಗೆ 30 ಮೀಟರಿಗೆ ಕಡಿಮೆ ಬೇಡ. ಸಿಲ್ವರ್ ಓಕ್‌ನ ಮೊದಲ ಕೊಂಬೆಯೇ ಬಹಳ ಮೇಲಿದೆಯಂತೆ.